‘ಮೋಟರ್ ಹೋಗಿದೆ’ ಎಂದು ಒಪ್ಪಿಕೊಳ್ಳುವ ಮೊದಲು

“ಮೋಟರ್ ಹೋಗಿದೆ ಕಾಕ. ಹೊಸತು ಹಾಕ್ಬೇಕು. ಎಂಟೂವರೆ ಸಾವಿರ ಆಗ್ತದೆ.”

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ನಮ್ಮ ನೆರೆಮನೆಯ ಕಾಕರಿಗೆ ರಿಪೇರಿ ಅಂಗಡಿಯಲ್ಲಿ ಸಿಕ್ಕಿದ ಉತ್ತರ ಇದು. ಕಾಕ ಇಪ್ಪತ್ತು ವರ್ಷ ಗಲ್ಫಿನಲ್ಲಿ ದುಡಿದು ಊರಿಗೆ ಬಂದವರು. ಈಗ ಬೆಳಿಗ್ಗೆ ಸುಬ್‌ಹಿ ಮುಗಿಸಿ ಬೇಕರಿಯಿಂದ ಬ್ರೆಡ್ಡು, ಬನ್ನು ಎತ್ತಿಕೊಂಡು ಸುತ್ತಮುತ್ತಲ ಗೂಡಂಗಡಿ, ಕ್ಯಾಂಟೀನುಗಳಿಗೆ ಹಾಕುತ್ತಾರೆ. ಮಂಡಿ ನೋವಿನಿಂದ ಪೆಡಲ್ ತುಳಿಯಲು ಆಗುವುದಿಲ್ಲ, ಸ್ಕೂಟರಿನ ಪೆಟ್ರೋಲ್ ಲೆಕ್ಕ ಹಾಕಿದರೆ ಬನ್ನಿನ ಲಾಭ ಉಳಿಯುವುದಿಲ್ಲ. ಹಾಗಾಗಿ ಬ್ಯಾಟರಿ ಸೈಕಲ್ ತೆಗೆದುಕೊಂಡಿದ್ದರು. ಅದು ನಿಂತರೆ ಅವರ ಲೈನು ನಿಂತ ಹಾಗೆ. ನಾಲ್ಕು ದಿನ ಬನ್ನು ಬಾರದಿದ್ದರೆ ಅಂಗಡಿಯವರು ಬೇರೆಯವರನ್ನು ನೋಡಿಕೊಳ್ಳುತ್ತಾರೆ, ಅದು ಅವರ ತಪ್ಪೂ ಅಲ್ಲ.

ಮೋಟರ್ ಹೋಗಿರಲಿಲ್ಲ. ಒಂದು ತೆಳು ಹಳದಿ ವಯರು ತುಂಡಾಗಿತ್ತು, ಅಷ್ಟೇ. ಅದನ್ನು ಕಂಡುಹಿಡಿದದ್ದು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಓದುವ ಕಾಕರ ಮಗಳು. ಬೇಕಾದದ್ದು ಮುನ್ನೂರು ರೂಪಾಯಿಯ ಒಂದು ಮಲ್ಟಿಮೀಟರ್ ಮತ್ತು ಒಂದು ಸಂಜೆ.

ಈಗ ನಮ್ಮ ಕಡೆ ಇಂತಹ ಸೈಕಲುಗಳು ಹೆಚ್ಚಾಗಿವೆ. ಮಕ್ಕಳು ಟ್ಯೂಷನ್ನಿಗೆ ಹೋಗುವುದು ಇದರಲ್ಲಿ, ಬೀಡಿ ಬ್ರಾಂಚಿಗೆ ಬೀಡಿ ಕೊಂಡೊಯ್ಯುವುದು ಇದರಲ್ಲಿ, ಕೆಲವು ಹುಡುಗರು ಊಟದ ಡೆಲಿವರಿ ಮಾಡುವುದೂ ಇದರಲ್ಲೇ. ಆದರೆ ಇದನ್ನು ರಿಪೇರಿ ಮಾಡುವವರು ಕಡಿಮೆ. ಸೈಕಲ್ ಅಂಗಡಿಯವರಿಗೆ ಕರೆಂಟಿನ ಭಾಗ ಬರುವುದಿಲ್ಲ, ಕರೆಂಟಿನವರು ಸೈಕಲ್ ಮುಟ್ಟುವುದಿಲ್ಲ. ನಡುವೆ ಸಿಕ್ಕಿಕೊಂಡ ನಮಗೆ ಸುಲಭದಲ್ಲಿ ಸಿಗುವ ಉತ್ತರ ‘ಮೋಟರ್ ಹೋಗಿದೆ’. ನಿಜಕ್ಕೂ ಇಡೀ ಗಾಡಿಯಲ್ಲಿ ಕಡೆಗೆ ಸಂಶಯಪಡಬೇಕಾದದ್ದು ಮೋಟರನ್ನೇ.

ಅದು ಯಾಕೆ ಎಂದು ತಿಳಿಯಲು ಮೋಟರಿನ ಒಳಗೆ ಸ್ವಲ್ಪ ಇಣುಕಬೇಕು. ಮನೆಯ ಮಿಕ್ಸಿಯ ಮೋಟರಿನಲ್ಲಿ ಕಾರ್ಬನ್ ಬ್ರಶ್ ಉಂಟು. ಅದು ಸವೆಯುತ್ತದೆ, ಕಿಡಿ ಹಾರುತ್ತದೆ, ನಾವು ಬದಲಾಯಿಸುತ್ತೇವೆ. ಸೈಕಲ್ ಚಕ್ರದ ನಡುವೆ ಕೂತಿರುವ ಹಬ್ ಮೋಟರಿನಲ್ಲಿ ಬ್ರಶ್ ಇಲ್ಲ. ಈಗ ಕರೆಂಟ್ ಉಳಿಸುತ್ತದೆಂದು ಮನೆಗೆ ತರುತ್ತೇವಲ್ಲ ಬಿಎಲ್‌ಡಿಸಿ ಫ್ಯಾನು, ಅದೇ ಜಾತಿಯದು. ನಡುವೆ ತಾಮ್ರದ ಸುರುಳಿ, ಸುತ್ತ ಅಯಸ್ಕಾಂತ. ಸುರುಳಿಗೆ ಯಾವ ಗಳಿಗೆಯಲ್ಲಿ ಎಲ್ಲಿ ಕರೆಂಟ್ ಕೊಡಬೇಕು ಎಂದು ನಿರ್ಧರಿಸುವುದು ಸೀಟಿನ ಕೆಳಗೋ ಫ್ರೇಮಿನ ಒಳಗೋ ಇರುವ ಕಂಟ್ರೋಲರ್ ಎಂಬ ಡಬ್ಬಿ. ಅಯಸ್ಕಾಂತ ಈಗ ಎಲ್ಲಿದೆ ಎಂದು ಅದಕ್ಕೆ ಹೇಳುವವು ಮೂರು ಪುಟ್ಟ ಹಾಲ್ ಸೆನ್ಸರುಗಳು. 1879ರಲ್ಲಿ ಅಮೆರಿಕದ ಎಡ್ವಿನ್ ಹಾಲ್ ಎಂಬವರು ಕಂಡುಹಿಡಿದ ಗುಣವನ್ನು ಬಳಸುವುದರಿಂದ ಆ ಹೆಸರು. ಒಂದು ಸೆನ್ಸರ್ ಕೈಕೊಟ್ಟರೆ ಕಂಟ್ರೋಲರ್ ಸ್ಥಿತಿ ಕಣ್ಣು ಕಟ್ಟಿಕೊಂಡು ಉಯ್ಯಾಲೆ ತೂಗುವವನ ಹಾಗೆ. ತಳ್ಳಬೇಕಾದಾಗ ತಳ್ಳುವುದಿಲ್ಲ, ತಳ್ಳಬಾರದಾಗ ತಳ್ಳುತ್ತದೆ. ಸೈಕಲ್ ಗಡಗಡ ನಡುಗುತ್ತದೆ, ಮುಂದೆ ಹೋಗುವುದಿಲ್ಲ.

ಇಷ್ಟರಲ್ಲಿ ಸವೆಯುವ ಭಾಗ ಎಷ್ಟುಂಟು ನೋಡಿ. ಸುರುಳಿ ಸವೆಯುವುದಿಲ್ಲ, ಅಯಸ್ಕಾಂತ ಸವೆಯುವುದಿಲ್ಲ. ಕೆಡುವುದು ಹೆಚ್ಚಾಗಿ ಹೊರಗಿನ ವಯರು, ಕನೆಕ್ಟರ್, ಸ್ವಿಚ್ಚುಗಳು. ಅದರಲ್ಲೂ ಉಳ್ಳಾಲ, ಸುರತ್ಕಲ್ ಕಡೆಯ ಕಡಲ ಬದಿಯ ಊರುಗಳಲ್ಲಿ ಉಪ್ಪುಗಾಳಿ, ಜೊತೆಗೆ ಜೂನಿನಿಂದ ಸೆಪ್ಟೆಂಬರ್ ತನಕ ಬಿಡದ ಮಳೆ. ಕನೆಕ್ಟರ್ ಬಿಚ್ಚಿ ನೋಡಿದರೆ ಒಳಗೆ ಹಸಿರು ಕಿಲುಬು ಹಿಡಿದಿರುತ್ತದೆ.

ನಾವು ಒಮ್ಮೆ ದುಡ್ಡು ಕಳೆದುಕೊಂಡದ್ದೂ ಈ ಮಳೆಯಿಂದಲೇ, ಹೇಳಿಕೊಳ್ಳಲು ನಾಚಿಕೆ ಇಲ್ಲ. ಮನೆಯ ಸೈಕಲ್ ಒಂದು ಜೂನಿನಲ್ಲಿ ಸ್ತಬ್ಧ. ಡಿಸ್‌ಪ್ಲೇ ಉರಿಯುತ್ತದೆ, ಬ್ಯಾಟರಿ ತುಂಬಾ ಉಂಟು, ಎಕ್ಸಿಲೇಟರ್ ತಿರುಗಿಸಿದರೆ ಏನೂ ಇಲ್ಲ. ನಾವು ಬುದ್ಧಿವಂತರಲ್ಲವೇ, ಕಂಟ್ರೋಲರ್ ಹೋಗಿದೆ ಎಂದು ತೀರ್ಮಾನಿಸಿ ಆನ್‌ಲೈನಲ್ಲಿ ಹೊಸತು ತರಿಸಿದೆವು. ಅದನ್ನು ಜೋಡಿಸಿದರೂ ಸೈಕಲ್ ಅಲ್ಲಾಡಲಿಲ್ಲ. ಕೊನೆಗೆ ಗೊತ್ತಾದದ್ದು: ಬ್ರೇಕ್ ಹಿಡಿಯ ಒಳಗಿನ ಕಟಾಫ್ ಸ್ವಿಚ್ಚಿಗೆ ನೀರು ಹೋಗಿ ಅದು ಅಂಟಿಕೊಂಡಿತ್ತು. ಬ್ರೇಕ್ ಹಿಡಿದ ಕೂಡಲೇ ಮೋಟರ್ ನಿಲ್ಲಲಿ ಎಂದು ಇಟ್ಟ ಸ್ವಿಚ್ ಅದು. ಬ್ರೇಕ್ ಹಿಡಿದೇ ಇದೆ ಎಂದು ಅದು ಹೇಳುತ್ತಿದ್ದರೆ ಯಾವ ಕಂಟ್ರೋಲರ್ ತಾನೆ ಓಡಿಸೀತು?

ಆದ್ದರಿಂದ ‘ಲೈಟ್ ಉಂಟು, ಓಟ ಇಲ್ಲ’ ಎಂದಾದರೆ ಮೊದಲು ಬ್ರೇಕ್ ನೋಡಿ. ಎರಡೂ ಹಿಡಿಗಳು ಪೂರ್ತಿ ಹಿಂದಕ್ಕೆ ಬರುತ್ತವೆಯಾ? ಸೈಕಲ್ ಬಿದ್ದು ಹಿಡಿ ಬಗ್ಗಿದೆಯಾ? ಆಮೇಲೆ ಚಕ್ರವನ್ನು ನೆಲದಿಂದ ಎತ್ತಿ ನಿಲ್ಲಿಸಿ, ಬ್ರೇಕ್ ಸ್ವಿಚ್ಚಿನ ಎರಡು ವಯರಿನ ಪುಟ್ಟ ಕನೆಕ್ಟರನ್ನು ಒಂದೊಂದಾಗಿ ಬಿಚ್ಚಿ ನೋಡಿ. ಹೆಚ್ಚಿನ ಸೈಕಲುಗಳಲ್ಲಿ ಅದನ್ನು ಬಿಚ್ಚಿದರೆ ಕಂಟ್ರೋಲರಿಗೆ ಬ್ರೇಕ್ ಬಿಟ್ಟ ಹಾಗೆ. ಚಕ್ರ ತಿರುಗಿದರೆ ಕಳ್ಳ ಸಿಕ್ಕಿದ. ಆದರೆ ಹಾಗೇ ಬಿಚ್ಚಿಟ್ಟು ತಿಂಗಳುಗಟ್ಟಲೆ ಓಡಿಸುವ ಹುಡುಗರಿದ್ದಾರೆ, ಅದು ಬೇಡ. ಎಕ್ಸಿಲೇಟರ್ ಅಂಟಿಕೊಂಡ ದಿನ ಜೀವ ಉಳಿಸುವುದು ಅದೇ ಸ್ವಿಚ್.

ಬ್ರೇಕಿನ ನಂತರ ಎಕ್ಸಿಲೇಟರ್. ಇದರಲ್ಲಿ ಸಾಮಾನ್ಯವಾಗಿ ಮೂರು ವಯರು: ಕೆಂಪು, ಕಪ್ಪು ಮತ್ತು ಸಿಗ್ನಲಿನದ್ದು. ಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು ಕಪ್ಪಿಗೂ ಕೆಂಪಿಗೂ ನಡುವೆ ನೋಡಿದರೆ ಸುಮಾರು 5 ವೋಲ್ಟ್ ಇರಬೇಕು. ಸಿಗ್ನಲ್ ವಯರಿನಲ್ಲಿ ಕೈ ಬಿಟ್ಟಾಗ 1 ವೋಲ್ಟಿನ ಹತ್ತಿರ, ತಿರುಗಿಸುತ್ತಾ ಹೋದಂತೆ ಏರಿ ಮೂರೂವರೆಯಿಂದ ನಾಲ್ಕರ ಆಸುಪಾಸು ಬರಬೇಕು. ಏರದಿದ್ದರೆ ಎಕ್ಸಿಲೇಟರ್ ಹೋಗಿದೆ, ದೊಡ್ಡ ಖರ್ಚಿನ ಸಾಮಾನಲ್ಲ. ಮಳೆಯಲ್ಲಿ ಸೈಕಲ್ ಹೊರಗೆ ನಿಲ್ಲಿಸುವವರು ಹ್ಯಾಂಡಲಿಗೆ ಒಂದು ಪ್ಲಾಸ್ಟಿಕ್ ಲಕೋಟೆ ಕಟ್ಟಿದರೂ ಇದರ ಆಯುಷ್ಯ ಹೆಚ್ಚುತ್ತದೆ.

ಇನ್ನು ಬ್ಯಾಟರಿ. ‘ಏರಿನಲ್ಲಿ ಮೋಟರ್ ಸಾಯ್ತದೆ, ಸಮತಟ್ಟಿನಲ್ಲಿ ಸರಿ ಉಂಟು’ ಎನ್ನುವ ದೂರು ಹೆಚ್ಚಾಗಿ ಮೋಟರಿನದ್ದಲ್ಲ, ಬ್ಯಾಟರಿಯದ್ದು. 36 ವೋಲ್ಟಿನ ಲಿಥಿಯಂ ಬ್ಯಾಟರಿಯಲ್ಲಿ ಹತ್ತು ಸೆಲ್ಲುಗಳ ಸಾಲು, ಪೂರ್ತಿ ಚಾರ್ಜ್ ಆದಾಗ 42 ವೋಲ್ಟ್. ನಿಂತಲ್ಲಿ ಅಳೆದರೆ 38 ತೋರಿಸಬಹುದು, ಚೆನ್ನಾಗಿಯೇ ಉಂಟು ಎನಿಸುತ್ತದೆ. ಭಾರ ಹಾಕಿ ಏರು ಹತ್ತಿಸುವಾಗ ಅಳೆಯಿರಿ. ಒಮ್ಮೆಲೆ 31, 30ಕ್ಕೆ ಕುಸಿದು ಕಟ್ಟಾದರೆ ಒಳಗೆ ಯಾವುದೋ ಸೆಲ್ ಸೋತಿದೆ. ಆ ಪ್ಯಾಕನ್ನು ಮನೆಯಲ್ಲಿ ಮಾತ್ರ ಬಿಚ್ಚಬೇಡಿ. ಉಳಿದೆಲ್ಲವನ್ನೂ ಕೈಹಾಕಿ ನೋಡಿ ಎನ್ನುವ ನಾವು ಇದೊಂದಕ್ಕೆ ಬೇಡ ಎನ್ನುತ್ತೇವೆ. ಸ್ಪ್ಯಾನರ್ ತಾಗಿ ಶಾರ್ಟ್ ಆದ ಲಿಥಿಯಂ ಬ್ಯಾಟರಿಯ ಬೆಂಕಿ ಮನೆಯವರ ಕೈಗೆ ನಿಲ್ಲುವಂತದ್ದಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಮನೆಯ ಒಂದೇ ಬಾಗಿಲ ಬಳಿ ಚಾರ್ಜಿಗಿಡುವುದೂ ಬೇಡ.

ಬ್ಯಾಟರಿ ಎಂದಾಗ ಇನ್ನೊಂದು ಮಾತು. “ದುಬೈಯಲ್ಲಿ ಒಳ್ಳೆಯದು ಸಿಗ್ತದೆ, ಬರುವಾಗ ತಾ ಮೋನೆ” ಎಂದು ಮಗನಿಗೆ ಹೇಳುವ ಉಮ್ಮಂದಿರಿದ್ದಾರೆ. ತರಲು ಆಗುವುದಿಲ್ಲ. ಪ್ರಯಾಣಿಕರ ಲಗೇಜಿನಲ್ಲಿ 160 ವ್ಯಾಟ್-ಅವರ್‌ಗಿಂತ ದೊಡ್ಡ ಬಿಡಿ ಲಿಥಿಯಂ ಬ್ಯಾಟರಿಗೆ ವಿಮಾನದಲ್ಲಿ ಅವಕಾಶ ಇಲ್ಲ. 36 ವೋಲ್ಟ್, 10 ಆಂಪಿಯರ್-ಅವರ್‌ನ ಸಾಧಾರಣ ಸೈಕಲ್ ಬ್ಯಾಟರಿಯೇ 360 ಆಗುತ್ತದೆ. ಏರ್‌ಪೋರ್ಟಿನಲ್ಲಿ ಬಿಟ್ಟು ಬರಬೇಕಾದೀತು. ಕಂಟ್ರೋಲರ್, ಎಕ್ಸಿಲೇಟರ್ ತಂದರೆ ಆ ತೊಂದರೆ ಇಲ್ಲ.

ಕಾಕರ ಸೈಕಲಿಗೆ ಬರೋಣ. ಅದರ ಲಕ್ಷಣ ಬೇರೆ. ಎಕ್ಸಿಲೇಟರ್ ಕೊಟ್ಟರೆ ನಡುಗುತ್ತದೆ, ಗರ್ ಎನ್ನುತ್ತದೆ, ಕೈಯಲ್ಲಿ ತಳ್ಳಿದರೆ ಒಮ್ಮೊಮ್ಮೆ ಹಿಡಿದುಕೊಂಡು ನಾಲ್ಕು ಮಾರು ಓಡುತ್ತದೆ. ಅಂಗಡಿಯವನು ಮಾಡಿದ್ದೇನು? ಮೋಟರಿನ ಮೂರು ದಪ್ಪ ವಯರುಗಳಲ್ಲಿ ಎರಡಕ್ಕೆ ಮೀಟರಿನ ಕಡ್ಡಿ ಮುಟ್ಟಿಸಿದ. ಅದು ಬೀಪ್ ಎಂದಿತು. “ನೋಡಿ, ವಯಿಂಡಿಂಗ್ ಶಾರ್ಟ್” ಎಂದ.

ಇಲ್ಲಿಯೇ ಎಡವಿದ್ದು. ಹಳದಿ, ಹಸಿರು, ನೀಲಿ ಬಣ್ಣದ ಆ ಮೂರು ಫೇಸ್ ವಯರುಗಳು ಒಳಗೆ ದಪ್ಪ ತಾಮ್ರದ ಸುರುಳಿಯಿಂದ ಒಂದಕ್ಕೊಂದು ಸೇರಿರುತ್ತವೆ. ಅವುಗಳ ರೆಸಿಸ್ಟೆನ್ಸ್ ಒಂದು ಓಮಿಗಿಂತಲೂ ಕಡಿಮೆ. ಒಳ್ಳೆಯ ಮೋಟರಿನಲ್ಲೂ ಬೀಪ್ ಬಂದೇ ಬರುತ್ತದೆ, ಬಾರದಿದ್ದರೆ ಹೆದರಬೇಕು. ಫೇಸ್ ವಯರಿಗೂ ಮೋಟರಿನ ಕಬ್ಬಿಣದ ಬಾಡಿಗೂ ನಡುವೆ ಬೀಪ್ ಬಂದರೆ ಮಾತ್ರ ಅದು ಕೆಟ್ಟ ಸುದ್ದಿ. ಆ ಹುಡುಗ ಮೋಸ ಮಾಡಿದ ಎಂದು ನಾವು ಹೇಳುವುದಿಲ್ಲ, ಅವನಿಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೆ ಗೊತ್ತಿಲ್ಲದ್ದರ ಬೆಲೆ ಎಂಟೂವರೆ ಸಾವಿರ, ಅದನ್ನು ಕೊಡಬೇಕಾದವರು ಬನ್ನು ಮಾರುವ ಕಾಕ.

“ಉಪ್ಪ, ಒಂದು ದಿನ ನಿಲ್ಲಿ. ನಾನು ನೋಡ್ತೇನೆ” ಎಂದಳು ಮಗಳು.

ಮೊದಲು ಅವಳು ಮಾಡಿದ ಪರೀಕ್ಷೆಗೆ ಮೀಟರೇ ಬೇಡ. ಬ್ಯಾಟರಿ ತೆಗೆದಿಟ್ಟು, ಮೂರೂ ಫೇಸ್ ವಯರುಗಳನ್ನು ಕಂಟ್ರೋಲರಿನಿಂದ ಬಿಚ್ಚಿ, ಚಕ್ರವನ್ನು ಕೈಯಲ್ಲಿ ಹಿಂದಕ್ಕೆ ತಿರುಗಿಸಿದಳು. ಹಿಂದಕ್ಕೇ ಯಾಕೆಂದರೆ ನಮ್ಮ ಕಡೆ ಸಿಗುವ ಸಣ್ಣ ಹಬ್ ಮೋಟರುಗಳಲ್ಲಿ ಹೆಚ್ಚಿನವು ಗೇರಿನವು. ಮುಂದಕ್ಕೆ ತಿರುಗಿಸಿದರೆ ಫ್ರೀವೀಲಿನಿಂದಾಗಿ ಚಕ್ರ ಮಾತ್ರ ತಿರುಗುತ್ತದೆ, ಮೋಟರ್ ತಿರುಗುವುದಿಲ್ಲ. ಹಿಂದಕ್ಕೆ ತಿರುಗಿಸುವಾಗ ಗೇರಿನಿಂದ ಸ್ವಲ್ಪ ಬಿಗಿ ಇದ್ದೇ ಇರುತ್ತದೆ, ಆ ಬಿಗಿಯನ್ನು ಕೈಯಲ್ಲಿ ನೆನಪಿಟ್ಟುಕೊಳ್ಳಬೇಕು. ಆಮೇಲೆ ಎರಡು ಫೇಸ್ ವಯರಿನ ತುದಿಗಳನ್ನು ಒಂದಕ್ಕೊಂದು ಮುಟ್ಟಿಸಿ ಮತ್ತೆ ತಿರುಗಿಸಬೇಕು. ಚಕ್ರ ತಟಕ್ ತಟಕ್ ಎಂದು ತಡೆದ ಹಾಗೆ ಗಟ್ಟಿಯಾಗುತ್ತದೆ. ಹಳದಿ-ಹಸಿರು, ಹಸಿರು-ನೀಲಿ, ನೀಲಿ-ಹಳದಿ, ಮೂರೂ ಜೋಡಿಗೆ ಒಂದೇ ಥರ ಗಟ್ಟಿಯಾದರೆ ಸುರುಳಿ ಸರಿ ಉಂಟು. ಯಾವುದಾದರೂ ಜೋಡಿಗೆ ಗಟ್ಟಿಯಾಗದಿದ್ದರೆ ಆ ವಯರು ಎಲ್ಲೋ ತುಂಡು. ಏನೂ ಮುಟ್ಟಿಸದೆಯೇ ಗಟ್ಟಿಯಾಗಿದ್ದರೆ ಮಾತ್ರ ಒಳಗೆ ಶಾರ್ಟ್.

ಇದೇ ಪರೀಕ್ಷೆಯಲ್ಲಿ ಕಂಟ್ರೋಲರಿನ ಗುಣವೂ ತಿಳಿಯುತ್ತದೆ. ವಯರು ಜೋಡಿಸಿದಾಗ ಚಕ್ರ ಗಟ್ಟಿ, ಬಿಚ್ಚಿದಾಗ ಸಲೀಸು ಎಂದಾದರೆ ಕಂಟ್ರೋಲರಿನ ಒಳಗಿನ ಮಾಸ್ಫೆಟ್ ಸುಟ್ಟು ಶಾರ್ಟ್ ಆಗಿದೆ. ತಪ್ಪು ಮೋಟರಿನದ್ದಲ್ಲ.

ಕಾಕರ ಮೋಟರ್ ಇದರಲ್ಲಿ ಪಾಸಾಯಿತು. ಮನೆಯ ಜಗಲಿಯಲ್ಲಿ ಕೂತಿದ್ದ ಕಾಕರ ಮುಖ ನೋಡಬೇಕಿತ್ತು.

ಉಳಿದದ್ದು ಹಾಲ್ ಸೆನ್ಸರ್. ಮೋಟರಿನಿಂದ ಬರುವ ತೆಳು ವಯರುಗಳ ಕನೆಕ್ಟರ್ ಅದು. ಕೆಂಪು, ಕಪ್ಪು, ಜೊತೆಗೆ ಹಳದಿ, ಹಸಿರು, ನೀಲಿ, ಕೆಲವದರಲ್ಲಿ ಸ್ಪೀಡ್ ತೋರಿಸಲು ಇನ್ನೊಂದು ಬಿಳಿ. ಈಗ ಬ್ಯಾಟರಿ ಹಾಕಿ, ಕನೆಕ್ಟರ್ ಜೋಡಿಸಿಯೇ ಇಟ್ಟು, ಹಿಂಬದಿಯಿಂದ ಮೀಟರಿನ ಕಡ್ಡಿ ತೂರಿಸಬೇಕು. ಎರಡು ಪಿನ್ನಿಗೆ ಒಟ್ಟಿಗೆ ತಾಗಿಸಿದರೆ ಕಂಟ್ರೋಲರ್ ಹೋದೀತು, ನಿಧಾನ ಬೇಕು. ಕೆಂಪು-ಕಪ್ಪು ನಡುವೆ 5 ವೋಲ್ಟಿನ ಹತ್ತಿರ ಬಂತು, ಸರಿ. ಕಪ್ಪು ಕಡ್ಡಿಯನ್ನು ಕಪ್ಪು ವಯರಿಗೆ ಇಟ್ಟು, ಕೆಂಪು ಕಡ್ಡಿಯನ್ನು ಒಂದೊಂದೇ ಸಿಗ್ನಲಿಗೆ ಇಡುತ್ತಾ ಚಕ್ರವನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸುವುದು. ಹಸಿರು: ಸೊನ್ನೆ, ಐದು, ಸೊನ್ನೆ, ಐದು. ನೀಲಿ: ಅದೇ. ಹಳದಿ: ಐದು, ಐದು, ಐದು. ಎಷ್ಟು ತಿರುಗಿಸಿದರೂ ಕೆಳಗಿಳಿಯುವುದಿಲ್ಲ.

ಅಂದರೆ ಹಳದಿ ಸೆನ್ಸರ್ ಸತ್ತಿದೆ, ಅಥವಾ ಅದರ ವಯರು ತುಂಡಾಗಿದೆ. ಸೆನ್ಸರ್ ಸತ್ತಿದ್ದರೆ ಮೋಟರಿನ ಹೊಟ್ಟೆ ಬಿಚ್ಚಬೇಕು. ಬಿಡಿ ಸೆನ್ಸರಿಗೆ ಹತ್ತಾರು ರೂಪಾಯಿ ಅಷ್ಟೇ, ಕಷ್ಟ ಇರುವುದು ಬಿಚ್ಚುವುದರಲ್ಲಿ. ಅವಳು ಅವಸರ ಮಾಡಲಿಲ್ಲ. ಮೀಟರಿನ ಕಡ್ಡಿಯನ್ನು ತಮ್ಮನಿಗೆ ಹಿಡಿದುಕೊಳ್ಳಲು ಹೇಳಿ, ಚಕ್ರದ ಆಕ್ಸಲಿನಿಂದ ಕೇಬಲ್ ಹೊರಬರುವ ಜಾಗದಲ್ಲಿ ಅದನ್ನು ಅತ್ತಿತ್ತ ಬಗ್ಗಿಸಿದಳು. “ದಾತ, ಸೊನ್ನೆ ಬಂತು!” ಎಂದು ಅವನು ಕೂಗಿದ. ಬಗ್ಗಿಸಿದಾಗ ಬರುತ್ತದೆ, ಬಿಟ್ಟರೆ ಹೋಗುತ್ತದೆ. ವಯರು ಅಲ್ಲೇ ತುಂಡಾಗಿದೆ.

ಆಗ ಕಾಕರಿಗೆ ನೆನಪಾಯಿತು: ಎರಡು ದಿನ ಮೊದಲು ಪಂಕ್ಚರ್ ಆಗಿತ್ತು.

ಹಬ್ ಮೋಟರ್ ಇರುವ ಚಕ್ರವನ್ನು ಸಾದಾ ಸೈಕಲ್ ಚಕ್ರದ ಹಾಗೆ ಬಿಚ್ಚಿ ಹಾಕಿದರೆ ಹೀಗಾಗುತ್ತದೆ. ಆಕ್ಸಲಿನ ಎರಡೂ ಬದಿಗೆ ಟಾರ್ಕ್ ವಾಷರ್ ಎಂಬ ಕೊಕ್ಕೆ ಇರುವ ವಾಷರ್ ಉಂಟು. ಮೋಟರ್ ಚಕ್ರವನ್ನು ಮುಂದಕ್ಕೆ ತಳ್ಳುವಾಗ ಆಕ್ಸಲ್ ತಾನೇ ಹಿಂದಕ್ಕೆ ತಿರುಗಲು ನೋಡುತ್ತದೆ, ಅದನ್ನು ಫ್ರೇಮಿಗೆ ಕಚ್ಚಿ ಹಿಡಿಯುವುದು ಈ ವಾಷರ್. ಪಂಕ್ಚರ್ ಹಾಕಿದವನು ಒಂದು ಬದಿಯದ್ದನ್ನು ಹಾಕಿಯೇ ಇರಲಿಲ್ಲ. ನಟ್ಟೂ ಸಡಿಲ. ಆಕ್ಸಲ್ ಸ್ವಲ್ಪ ಸ್ವಲ್ಪವೇ ತಿರುಗಿ ಕೇಬಲನ್ನು ಹಿಂಡಿಬಿಟ್ಟಿತ್ತು. ಪೂರ್ತಿ ತಿರುಗಿದ್ದರೆ ಎಲ್ಲ ವಯರುಗಳೂ ತುಂಡಾಗಿ, ಫೇಸುಗಳು ಒಂದಕ್ಕೊಂದು ಸೇರಿ ಕಂಟ್ರೋಲರನ್ನೂ ಒಯ್ಯುತ್ತಿತ್ತು.

ತುಂಡಾದ ಜಾಗ ಆಕ್ಸಲಿನಿಂದ ಎರಡು ಬೆರಳು ಹೊರಗೆ ಇದ್ದದ್ದು ಅದೃಷ್ಟ. ಹೊರಗಿನ ಕವಚ ಸೀಳಿ, ಹಳದಿ ವಯರನ್ನು ಬೆಸೆದು, ಹೀಟ್ ಶ್ರಿಂಕ್ ಟ್ಯೂಬ್ ಹಾಕಿ ಬಿಸಿ ಮಾಡಿ, ಮೇಲಿನಿಂದ ಇನ್ನೊಂದು ಟ್ಯೂಬ್ ಹಾಕಿದಳು. ಬರೀ ಟೇಪ್ ಸುತ್ತಿದರೆ ನಮ್ಮ ಮಳೆಗೆ ಒಂದು ವಾರ. ಕೇಬಲ್ ಆಕ್ಸಲಿನಿಂದ ಕೆಳಮುಖವಾಗಿ ಹೊರಬಂದು, ಒಂದು ಇಳಿಬಿದ್ದ ಬಳುಕು ತೆಗೆದುಕೊಂಡು ಮೇಲೆ ಹೋಗುವ ಹಾಗೆ ಕಟ್ಟಿದಳು. ನೀರು ಆ ಬಳುಕಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ, ವಯರಿನ ದಾರಿ ಹಿಡಿದು ಮೋಟರಿನ ಒಳಗೆ ಇಳಿಯುವುದಿಲ್ಲ. ಮಗ್ರಿಬ್ ಬಾಂಗ್ ಆಗುವಾಗ ಕಾಕ ಅಂಗಳದಲ್ಲಿ ಒಂದು ಸುತ್ತು ಹೊಡೆದಾಗಿತ್ತು.

ಹಾಗೆಂದು ಮೋಟರ್ ಕೆಡುವುದೇ ಇಲ್ಲ ಎಂದಲ್ಲ. ಎಕ್ಸಿಲೇಟರ್ ಕೊಟ್ಟಾಗ ಒಳಗೆ ವುಯ್ ಎಂದು ತಿರುಗುವ ಸದ್ದು ಚೆನ್ನಾಗಿ ಬಂದು ಚಕ್ರ ಮಾತ್ರ ಚಲಿಸದಿದ್ದರೆ ಒಳಗಿನ ನೈಲಾನ್ ಗೇರಿನ ಹಲ್ಲು ಹೋಗಿದೆ, ಇಲ್ಲವೇ ಕ್ಲಚ್ ಜಾರುತ್ತಿದೆ. ಗೇರ್ ಸೆಟ್ ಬೇರೆಯಾಗಿ ಸಿಗುತ್ತದೆ, ಹಳೆಯದನ್ನು ಹಿಡಿದುಕೊಂಡು ಹಲ್ಲು ಎಣಿಸಿ ಅದೇ ಅಳತೆಯದ್ದು ತರಿಸಬೇಕು. ಸುಟ್ಟ ವಾಸನೆ ಬಂದು, ಸುರುಳಿ ಕಪ್ಪಾಗಿದ್ದರೆ ಮೋಟರ್ ನಿಜಕ್ಕೂ ಹೋದ ಹಾಗೆ. ಬಾವಿಯ ಪಂಪ್ ರಿವೈಂಡ್ ಮಾಡುವವರಲ್ಲಿ ಒಯ್ಯಬಹುದು ಎನಿಸುತ್ತದೆ, ಆದರೆ ಇದರಲ್ಲಿ ತೆಳು ತಂತಿಗಳ ಕಟ್ಟನ್ನು ಹತ್ತಿರ ಹತ್ತಿರದ ಹಲವು ಹಲ್ಲುಗಳಿಗೆ ಸುತ್ತಬೇಕು. ಕೂಲಿ ಲೆಕ್ಕ ಹಾಕಿದರೆ ಹೊಸತೇ ವಾಸಿ. ಗೇರಿಲ್ಲದ ದೊಡ್ಡ ಮೋಟರ್ ಬಿಚ್ಚುವವರು ಬೆರಳು ಜೋಪಾನ, ಅಯಸ್ಕಾಂತ ಒಳಗಿನ ಭಾಗವನ್ನು ಪಟ್ ಎಂದು ಎಳೆದುಕೊಳ್ಳುತ್ತದೆ.

ಸುಡುವುದಕ್ಕೆ ನಾವೇ ಕಾರಣ ಆಗುವುದೂ ಉಂಟು. “ಸ್ಪೀಡ್ ಸಾಕಾಗುದಿಲ್ಲ” ಎಂದು 250 ವ್ಯಾಟಿನ ಮೋಟರಿಗೆ ದೊಡ್ಡ ಕಂಟ್ರೋಲರ್ ಹಾಕಿಸುವ ಹುಡುಗರ ಉಪ್ಪ-ಉಮ್ಮಂದಿರು ಇದನ್ನು ಓದಲಿ. ಕೇಂದ್ರ ಮೋಟಾರು ವಾಹನ ನಿಯಮದಲ್ಲಿ 250 ವ್ಯಾಟ್, ಗಂಟೆಗೆ 25 ಕಿ.ಮೀ. ಮಿತಿಯ ಒಳಗಿನ, ಬ್ಯಾಟರಿ ಬಿಟ್ಟು 60 ಕಿಲೋ ಮೀರದ ಗಾಡಿಗೆ ಮಾತ್ರ ರಿಜಿಸ್ಟ್ರೇಷನ್, ಲೈಸೆನ್ಸಿನಿಂದ ವಿನಾಯಿತಿ. ಅದನ್ನು ಮೀರಿದ ದಿನ ಅದು ನಂಬರ್ ಪ್ಲೇಟ್ ಇಲ್ಲದ ಬೈಕು. ಅಪಘಾತವಾದರೆ ಇನ್ಶೂರೆನ್ಸೂ ಇಲ್ಲ, ಲೈಸೆನ್ಸೂ ಇಲ್ಲ.

ಕಂಟ್ರೋಲರ್ ಬದಲಾಯಿಸಲೇಬೇಕಾದಾಗ ಬಿಚ್ಚುವ ಮೊದಲು ಮೊಬೈಲಿನಲ್ಲಿ ಎಲ್ಲ ಜೋಡಣೆಗಳ ಫೋಟೋ ತೆಗೆದಿಡಿ. ಹೊಸದರ ಬಣ್ಣಗಳು ಹಳೆಯದಕ್ಕೆ ಹೊಂದಬೇಕೆಂದಿಲ್ಲ. ಮೂರು ಫೇಸ್, ಮೂರು ಹಾಲ್ ವಯರುಗಳನ್ನು ಅದಲುಬದಲು ಮಾಡಿದರೆ 36 ಜೋಡಣೆ ಆಗುತ್ತದೆ, ಅದರಲ್ಲಿ ಸರಿಯಾಗಿ ಮುಂದಕ್ಕೆ ಓಡುವುದು ಮೂರರಲ್ಲಿ ಮಾತ್ರ. ತಪ್ಪು ಜೋಡಣೆಯಲ್ಲೂ ನಡುಕವೇ ಬರುತ್ತದೆ, ಮೋಟರ್ ಬಿಸಿಯಾಗುತ್ತದೆ. ಹೊಸ ಕಂಟ್ರೋಲರ್ ಹಾಕಿದ ಮೇಲೂ ನಡುಗಿದ್ದಕ್ಕೆ ‘ಹಾಗಾದರೆ ಮೋಟರೇ ಹೋಗಿದೆ’ ಎಂದು ಒಳ್ಳೆಯ ಮೋಟರನ್ನು ಗುಜರಿಗೆ ಹಾಕಿದವರನ್ನು ನಾವು ಕಂಡಿದ್ದೇವೆ. ಕೆಲವು ಕಂಟ್ರೋಲರುಗಳಲ್ಲಿ ತಾನೇ ಕಲಿತುಕೊಳ್ಳುವ ಎರಡು ಬಿಳಿ ವಯರು ಇರುತ್ತದೆ, ಅಂತದ್ದು ಸಿಕ್ಕಿದರೆ ಈ ತಲೆನೋವು ಇಲ್ಲ.

ಗ್ಯಾರಂಟಿ ಅವಧಿ ಮುಗಿಯದಿದ್ದರೆ ಮಾತ್ರ ಸೀಲ್ ಒಡೆಯುವ ಕೆಲಸಕ್ಕೆ ಇಳಿಯಬೇಡಿ, ಬಿಲ್ ಹಿಡಿದುಕೊಂಡು ಮಾರಿದವರಲ್ಲಿಗೇ ಹೋಗಿ. ಬ್ರೇಕ್ ಸ್ವಿಚ್ ನೋಡುವುದಕ್ಕೆ, ಕನೆಕ್ಟರ್ ಒರೆಸುವುದಕ್ಕೆ ಅಡ್ಡಿ ಇಲ್ಲ. ಸೈಕಲನ್ನು ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ನೀರಿನಲ್ಲಿ ತೊಳೆಸುವುದಂತೂ ಬೇಡವೇ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಕಾಕರ ಮಗಳ ಬಳಿಗೆ ಈಗ ಓಣಿಯ ಬೇರೆ ಸೈಕಲುಗಳೂ ಬರುತ್ತಿವೆ. ಭಾನುವಾರ ಅಸರ್ ನಂತರ ಜಗಲಿಯಲ್ಲಿ ಮೀಟರ್ ಹಿಡಿದು ಕೂರುತ್ತಾಳೆ, ತಮ್ಮ ಚಕ್ರ ತಿರುಗಿಸುತ್ತಾನೆ. ಸಂಬಳ ಎಷ್ಟು ಎಂದು ಕೇಳಿದರೆ ನಗುತ್ತಾಳೆ. ಕಾಕ ಮಾತ್ರ ಒಂದು ಹೊಸ ಅಭ್ಯಾಸ ಮಾಡಿಕೊಂಡಿದ್ದಾರೆ. ಪಂಕ್ಚರ್ ಆದರೆ ಚಹಾ ಕುಡಿಯಲು ಹೋಗುವುದಿಲ್ಲ. ಚಕ್ರ ಬಿಚ್ಚುವವನ ಪಕ್ಕದಲ್ಲೇ ಕುಕ್ಕುರುಗಾಲಲ್ಲಿ ಕೂತು, ಎರಡೂ ವಾಷರುಗಳನ್ನು ತನ್ನ ಅಂಗಿಯ ಕಿಸೆಗೆ ಹಾಕಿಕೊಳ್ಳುತ್ತಾರೆ. ಚಕ್ರ ಹಾಕುವಾಗ ಒಂದೊಂದಾಗಿ ತೆಗೆದು ಕೊಡುತ್ತಾರೆ.